ರಿಂಗ್ ಮೊದಲು, ಸೆನ್ಸರ್ ಆಮೇಲೆ

ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಔಟ್‌ಪುಟ್ ಸ್ಪೀಡ್ ಸೆನ್ಸರ್ ಹಾಕಿಸುವವರಲ್ಲಿ ಎರಡು ಬಗೆ. ಒಬ್ಬರಿಗೆ ಡ್ಯಾಶ್‌ಬೋರ್ಡಿನ ಮೀಟರ್ ಮುಳ್ಳು ಮತ್ತೆ ಆಡಿದರೆ ಸಾಕು. ಇನ್ನೊಬ್ಬರಿಗೆ ಗೇರ್ ಯಾವಾಗ ಬದಲಾಗಬೇಕೆಂಬ ತೀರ್ಮಾನವನ್ನೇ ಆಯಿಲ್ ಒತ್ತಡದಿಂದ ಬಿಡಿಸಿ ಕಂಟ್ರೋಲರಿಗೆ ಕೊಡಬೇಕು. ಅಂಗಡಿಯಲ್ಲಿ ಇಬ್ಬರಿಗೂ ಸಿಗುವುದು ಅದೇ ಸೆನ್ಸರ್, ಅದೇ ವೈರು. ಹಾಗಾಗಿ ಕೆಲಸವೂ ಒಂದೇ ಎಂದುಕೊಂಡುಬಿಡುತ್ತಾರೆ. ಈ ಪದ್ಧತಿಯ ಮೇಲೆ ನನಗಿರುವ ಮುಖ್ಯ ತಕರಾರು ಅದೇ.

ಇದನ್ನು ಒರೆಗೆ ಹಚ್ಚಲು ಹೊಸೂರಿಗಿಂತ ಒಳ್ಳೆಯ ಊರು ನಮ್ಮ ಸೀಮೆಯಲ್ಲಿ ಕಡಿಮೆ. ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಟದ್ದು 1980ರಲ್ಲಿ. ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಬಂದದ್ದೂ ಅದೇ ಹೊತ್ತಿಗೆ. ಆ ದಶಕ ಮುಗಿಯುವುದರೊಳಗೆ ಟೈಟಾನ್ ಇಲ್ಲಿ ಗಡಿಯಾರ ಮಾಡತೊಡಗಿತು. ಈ ದೊಡ್ಡವರ ನೆರಳಲ್ಲಿ ಬೆಳೆದ ಸಣ್ಣ ಶೆಡ್ಡುಗಳಲ್ಲಿ ಲೇತು, ಮಿಲ್ಲಿಂಗ್, ವೈರ್ ಕಟ್ ಎಲ್ಲವೂ ಇವೆ. ಕನ್ನಡ, ತೆಲುಗು, ತಮಿಳು ಮೂರರಲ್ಲಿ ಯಾವುದರಲ್ಲಿ ಹೇಳಿದರೂ ಡ್ರಾಯಿಂಗ್ ಅರ್ಥವಾಗುತ್ತದೆ. ಶಾಫ್ಟಿನ ಮೇಲೆ ಕೂತು ಸೆನ್ಸರಿಗೆ ಹಲ್ಲು ಎಣಿಸಲು ಕೊಡುವ ನಲವತ್ತು ಹಲ್ಲಿನ ಒಂದು ಉಕ್ಕಿನ ರಿಂಗ್ ಕೊರೆಸುವುದು ಇಲ್ಲಿ ದೊಡ್ಡ ಮಾತಲ್ಲ. ಪರೀಕ್ಷೆಗೆ ಹೆದ್ದಾರಿಯೂ ಬಾಗಿಲಲ್ಲೇ ಇದೆ. ಹೊಸೂರಿನಿಂದ ಕೃಷ್ಣಗಿರಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ, ಅಷ್ಟರಲ್ಲಿ ರಸ್ತೆ ಮುನ್ನೂರು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಹಿಂದಕ್ಕೆ ಬರುವಾಗ ಮೇಲುಮಲೈ, ಶೂಲಗಿರಿ ಕಡೆಯ ಏರಿನಲ್ಲಿ, ಎದುರಿಗೆ ತುಂಬಿದ ಲಾರಿ ತೆವಳುತ್ತಿರುವಾಗ, ಗೇರ್‌ಬಾಕ್ಸಿನ ಬುದ್ಧಿ ಎಷ್ಟೆಂದು ತಾನಾಗಿ ಗೊತ್ತಾಗುತ್ತದೆ.

ಮೊದಲು ಹಳೆಯ ವ್ಯವಸ್ಥೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಬೇಕು. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಜನರಲ್ ಮೋಟರ್ಸ್ ಕೊಟ್ಟ ಹೈಡ್ರಮ್ಯಾಟಿಕ್‌ನಿಂದ ಹಿಡಿದು ನಾಲ್ಕು ದಶಕಗಳ ಕಾಲ ಆಟೋಮ್ಯಾಟಿಕ್ ಎಂದರೆ ಬಹುಮಟ್ಟಿಗೆ ಗವರ್ನರ್ ಇರುವ ಪೆಟ್ಟಿಗೆ ಎಂದೇ ಅರ್ಥ. ಔಟ್‌ಪುಟ್ ಶಾಫ್ಟಿನ ಜೊತೆ ತಿರುಗುವ ಪುಟ್ಟ ತೂಕಗಳು ವೇಗ ಏರಿದಂತೆ ಹೊರಕ್ಕೆ ಚಾಚುತ್ತವೆ, ಅದಕ್ಕೆ ತಕ್ಕಂತೆ ಆಯಿಲಿನ ಒತ್ತಡ ಏರುತ್ತದೆ. ಆಕ್ಸಿಲರೇಟರ್ ಕಡೆಯಿಂದ ಬರುವ ಇನ್ನೊಂದು ಒತ್ತಡ ಅದಕ್ಕೆ ಎದುರು ನಿಲ್ಲುತ್ತದೆ. ಗವರ್ನರಿನ ಒತ್ತಡ ಮೇಲಾದಾಗ ವಾಲ್ವ್ ಸರಿದು ಗೇರ್ ಬದಲಾಗುತ್ತದೆ. ವೈರಿಲ್ಲ, ಬ್ಯಾಟರಿಯ ಹಂಗಿಲ್ಲ. ಆಯಿಲ್ ಕೊಳೆಯಾಗಿ ವಾಲ್ವ್ ಕಚ್ಚಿಕೊಳ್ಳುವುದುಂಟು, ಆಗ ಗಾಡಿ ಮೇಲಿನ ಗೇರಿಗೆ ಹೋಗುವುದಿಲ್ಲ. ಆದರೆ ಎಂಬತ್ತರ ವೇಗದಲ್ಲಿ ಓಡುತ್ತಿರುವಾಗ ಗವರ್ನರ್ ಇದ್ದಕ್ಕಿದ್ದಂತೆ ‘ಗಾಡಿ ನಿಂತಿದೆ’ ಎಂದು ಹೇಳುವುದು ತೀರಾ ಅಪರೂಪ. ಕಿತ್ತುಹೋದ ಒಂದು ವೈರು ಅದನ್ನು ಸಲೀಸಾಗಿ ಹೇಳುತ್ತದೆ. ಗವರ್ನರನ್ನು ತೆಗೆದು ಸೆನ್ಸರ್ ಹಾಕುವ ಉತ್ಸಾಹಿಗಳು ಈ ವ್ಯತ್ಯಾಸವನ್ನು ತಲೆಗೆ ಹಾಕಿಕೊಳ್ಳುವುದು ಕಡಿಮೆ.

ಇನ್ನು ಲೆಕ್ಕಕ್ಕೆ ಬರೋಣ. ಅತಿ ಸುಲಭದ ದಾರಿ ಎಂದರೆ ಸ್ಪೀಡೋಮೀಟರ್ ಕೇಬಲ್ ಸಿಕ್ಕಿಸುವ ಜಾಗಕ್ಕೆ ಒಂದು ಪಲ್ಸ್ ಸೆನ್ಸರ್ ತಿರುಪುವುದು. ಪೆಟ್ಟಿಗೆ ಬಿಚ್ಚಬೇಕಾಗಿಲ್ಲ, ಅರ್ಧ ಗಂಟೆಯ ಕೆಲಸ. ಜಪಾನಿನ ಮಾನದಂಡದಲ್ಲಿ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕು ಪಲ್ಸ್ ಎಂದರೆ ಕಿಲೋಮೀಟರಿಗೆ 2,548. ಗಾಡಿ 20 ಕಿ.ಮೀ. ವೇಗದಲ್ಲಿರುವಾಗ, ಅಂದರೆ ಒಂದರಿಂದ ಎರಡನೇ ಗೇರಿಗೆ ಹೋಗುವ ಹೊತ್ತಿಗೆ, ಸೆಕೆಂಡಿಗೆ ಬರುವುದು ಸುಮಾರು 14 ಪಲ್ಸ್. ಗೇರ್ ಬದಲಾವಣೆ ನಡೆಯುವುದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ. ಆ ಅರ್ಧ ಸೆಕೆಂಡಿನಲ್ಲಿ ಪೆಟ್ಟಿಗೆಯೊಳಗೆ ಏನಾಯಿತೆಂದು ತಿಳಿಯಲು ಕಂಟ್ರೋಲರಿಗೆ ಸಿಗುವುದು ಏಳು ಪಲ್ಸ್. ಮೀಟರಿಗೆ ಇದು ಧಾರಾಳ, ಮುಳ್ಳು ನಯವಾಗಿಯೇ ಏರುತ್ತದೆ. ಕ್ಲಚ್ಚಿನ ಒತ್ತಡ ಏರಿಸಬೇಕೋ ಇಳಿಸಬೇಕೋ ಎಂದು ತೀರ್ಮಾನಿಸಬೇಕಾದವರಿಗೆ ಏನೇನೂ ಸಾಲದು.

ಅದೇ ಔಟ್‌ಪುಟ್ ಶಾಫ್ಟಿನ ಮೇಲೆ ನಲವತ್ತು ಹಲ್ಲಿನ ರಿಂಗ್ ಇದೆ ಎನ್ನಿ. ಹಿಂದಿನ ಚಕ್ರ ತಿರುಗುವ ಗಾಡಿ, ಡಿಫರೆನ್ಶಿಯಲ್ ಅನುಪಾತ 4.1, ಟಯರಿನ ಸುತ್ತಳತೆ 1.9 ಮೀಟರ್ ಎಂದಿಟ್ಟುಕೊಂಡರೆ ಅದೇ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 480 ಪಲ್ಸ್ ಬರುತ್ತವೆ. ಅರ್ಧ ಸೆಕೆಂಡಿಗೆ 240. ಏಳೆಲ್ಲಿ, ಇನ್ನೂರ ನಲವತ್ತೆಲ್ಲಿ! ಜನರಲ್ ಮೋಟರ್ಸ್ ತನ್ನ 700ಆರ್4 ಪೆಟ್ಟಿಗೆಯ ಗವರ್ನರ್ ತೆಗೆದು 4ಎಲ್60-ಇ ಮಾಡಿದಾಗ ಔಟ್‌ಪುಟ್ ಶಾಫ್ಟಿಗೆ ನಲವತ್ತು ಹಲ್ಲಿನ ರಿಂಗನ್ನೇ ಕೂರಿಸಿತು. ಟೊಯೋಟಾದ ಎ340ಇ ಪೆಟ್ಟಿಗೆಯಲ್ಲಿ ಎರಡು ಸೆನ್ಸರ್ ಇದ್ದವು: ಔಟ್‌ಪುಟ್ ಶಾಫ್ಟನ್ನು ನೋಡುವುದು ಮುಖ್ಯ, ಸ್ಪೀಡೋಮೀಟರ್ ಕಡೆಯದು ಅದು ಕೈಕೊಟ್ಟಾಗ ಮಾತ್ರ. ತಯಾರಕರೇ ಆಪದ್ಧರ್ಮಕ್ಕೆ ಇಟ್ಟುಕೊಂಡದ್ದನ್ನು ನಾವು ಮುಖ್ಯ ಆಧಾರ ಮಾಡಿಕೊಳ್ಳುವುದು ಯಾವ ಜಾಣತನ? ಜಿಪಿಎಸ್‌ನಿಂದ ವೇಗ ತೆಗೆದುಕೊಳ್ಳೋಣ ಎನ್ನುವವರೂ ಇದ್ದಾರೆ. ಮೀಟರಿಗೆ ಆಗಬಹುದು, ಗೇರಿಗೆ ಆ ಮಾತೇ ಬೇಡ.

ಹಾಗಾದರೆ ರಿಂಗ್ ಹಾಕಿಸೋಣ ಎಂದು ಹೊರಟರೆ ಕೆಲಸದ ನಿಜವಾದ ಕಷ್ಟ ಅಲ್ಲಿ ಕಾಣುತ್ತದೆ. ಸೆನ್ಸರ್ ಯಾವ ಕಂಪನಿಯದೆಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ, ರಿಂಗ್ ಹೇಗೆ ಕೂತಿದೆ ಎಂದು ಡಯಲ್ ಗೇಜ್ ಹಿಡಿದು ನೋಡುವವರಿಲ್ಲ. ಸೆನ್ಸರಿಗೂ ಹಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಚೀಚೆ. ರಿಂಗ್ ಅರ್ಧ ಮಿಲಿಮೀಟರ್ ಓಲಾಡಿದರೂ ಸುತ್ತಿನ ಒಂದು ಕಡೆ ಹಲ್ಲು ಚೆನ್ನಾಗಿ ಕಾಣಿಸಿ ಇನ್ನೊಂದು ಕಡೆ ಮಸುಕಾಗುತ್ತದೆ. ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರಿನಲ್ಲಿ ಇದು ಇನ್ನೂ ಕೆಡುಕು. ನಿಧಾನದಲ್ಲಿ ಅದರ ವೋಲ್ಟೇಜೇ ಕಡಿಮೆ, ಮಸುಕಾದ ಹಲ್ಲುಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತವೆ. ಮೂರು ವೈರಿನ ಹಾಲ್ ಸೆನ್ಸರ್ ಈ ವಿಷಯದಲ್ಲಿ ವಾಸಿ. ಗಾಡಿ ತೆವಳುವಾಗಲೂ ಚೌಕ ಪಲ್ಸ್ ಕೊಡುತ್ತದೆ. ಆದರೆ ಆಯಿಲಿನ ಬಿಸಿ ಏರಿನಲ್ಲಿ ನೂರು ಡಿಗ್ರಿ ದಾಟುವುದರಿಂದ 150 ಡಿಗ್ರಿ ತಾಳುವಂಥದನ್ನೇ ಹಾಕಬೇಕು. ಇನ್ನೊಂದು ಸೂಕ್ಷ್ಮ: ಔಟ್‌ಪುಟ್ ಶಾಫ್ಟ್ ಹಿಂದೆ ಮುಂದೆ ಸ್ವಲ್ಪ ಆಡುತ್ತದೆ. ಸೆನ್ಸರ್ ರಿಂಗಿನ ಮುಖವನ್ನು ನೋಡುವಂತಿದ್ದರೆ ಆ ಆಟಕ್ಕೆ ಸಂದು ಬದಲಾಗುತ್ತದೆ. ಅಂಚನ್ನು ನೋಡುವಂತಿದ್ದು ಹಲ್ಲು ಅಗಲವಾಗಿದ್ದರೆ ಆ ತಾಪತ್ರಯವಿಲ್ಲ.

ರಿಂಗನ್ನು ಶಾಫ್ಟಿಗೆ ವೆಲ್ಡ್ ಮಾಡುವುದನ್ನಂತೂ ನಾನು ಖಡಾಖಂಡಿತವಾಗಿ ತಳ್ಳಿಹಾಕುತ್ತೇನೆ. ಹದ ಕೊಟ್ಟು ಗಟ್ಟಿ ಮಾಡಿದ ಶಾಫ್ಟಿಗೆ ಆ ಬಿಸಿ ತಗುಲಿದರೆ ಹದವೂ ಹೋಗುತ್ತದೆ, ನೇರವೂ ಹೋಗುತ್ತದೆ. ರಿಂಗನ್ನು ಕಾಯಿಸಿ ಬಿಗಿಯಾಗಿ ಏರಿಸಿ ಸರ್ಕ್ಲಿಪ್ ಹಾಕಬೇಕು. ಗ್ರಬ್ ಸ್ಕ್ರೂ ಮೇಲೆ ನಂಬಿಕೆ ಇಟ್ಟವರು ಮೇಲುಮಲೈ ಇಳಿಯುವ ಮುನ್ನ ಇನ್ನೊಮ್ಮೆ ಯೋಚಿಸಲಿ. ಅಲ್ಯೂಮಿನಿಯಂ ಹೌಸಿಂಗಿಗೆ ಪೆಟ್ಟಿಗೆ ಬಿಚ್ಚದೆಯೇ ಡ್ರಿಲ್ ಹೊಡೆಯುವುದೂ ಇದೇ ಸಾಲಿನ ಪಾಪ. ಚೂರುಗಳು ಆಯಿಲಿನ ಜೊತೆ ವಾಲ್ವ್ ಬಾಡಿ ಸೇರುತ್ತವೆ, ಸೆನ್ಸರ್ ಹಾಕಿಸಿದ ತಿಂಗಳಲ್ಲೇ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಹೊಸೂರಿನ ಲೇತ್ ಶೆಡ್ಡಿನವರು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಬಲ್ಲರು. ಆದರೆ ಅವರ ಕೈಗೆ ಬಿಡಿ ಶಾಫ್ಟ್, ಬಿಡಿ ಹೌಸಿಂಗ್ ಹೋಗಬೇಕು. ಕಾರಿನ ಕೆಳಗೆ ಮಲಗಿ ಮಾಡಿ ಎಂದರೆ ಆ ನೈಪುಣ್ಯ ನೀರುಪಾಲು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಉಪಾಯದಲ್ಲಿ ಹೊಸ ರಿಂಗೇ ಬೇಕಿಲ್ಲ. ಆಟೋಮ್ಯಾಟಿಕ್ ಕಾರನ್ನು ‘ಪಾರ್ಕ್’ನಲ್ಲಿ ನಿಲ್ಲಿಸಿದಾಗ ಒಂದು ಕೊಕ್ಕೆ ಹೋಗಿ ಕಚ್ಚಿಕೊಳ್ಳುವ ಹಲ್ಲಿನ ಚಕ್ರ, ಪಾರ್ಕಿಂಗ್ ಗೇರ್, ಔಟ್‌ಪುಟ್‌ಗೆ ಭದ್ರವಾಗಿ ಸೇರಿಕೊಂಡೇ ಇರುತ್ತದೆ. ಉಕ್ಕಿನದು, ಹಲ್ಲುಗಳ ಅಂತರ ಸಮ. ಅದರ ಎದುರಿಗೆ ಹೌಸಿಂಗಿನಲ್ಲಿ ಒಂದು ತೂತು ಮಾಡಿ ಒ-ರಿಂಗಿನ ಜೊತೆ ಸೆನ್ಸರ್ ಕೂರಿಸಿದರೆ ಆಯಿತು. ಕ್ರೈಸ್ಲರ್ 1989ರ ಎ604 ಪೆಟ್ಟಿಗೆಯಲ್ಲಿ ಪಾರ್ಕಿಂಗ್ ಹಲ್ಲುಗಳನ್ನೇ ಎಣಿಸಿ ಔಟ್‌ಪುಟ್ ವೇಗ ಅಳೆಯುತ್ತಿತ್ತು, ಅವು ಇಪ್ಪತ್ನಾಲ್ಕು. ನಲವತ್ತಕ್ಕಿಂತ ಕಡಿಮೆ ನಿಜ, ಕೇಬಲ್ ತುದಿಯ ನಾಲ್ಕರ ಮುಂದೆ ಭಾಗ್ಯ. ಹಲ್ಲು ಹನ್ನೆರಡೇ ಇದ್ದರೂ, ಓಲಾಡುವ ನಲವತ್ತಕ್ಕಿಂತ ಅಲುಗದ ಹನ್ನೆರಡೇ ನನ್ನ ಆಯ್ಕೆ.

ವೈರಿಂಗ್ ವಿಷಯ ಬೇಗ ಮುಗಿಸುತ್ತೇನೆ. ಎರಡು ವೈರು ಹೆಣೆದಿರಬೇಕು, ಮೇಲೆ ಶೀಲ್ಡ್ ಇರಬೇಕು, ಶೀಲ್ಡಿಗೆ ಒಂದೇ ಕಡೆ ಅರ್ತ್ ಕೊಡಬೇಕು, ಸೈಲೆನ್ಸರ್ ಪೈಪಿನಿಂದ ದೂರ ಹೋಗಬೇಕು. ಆದರೆ ನಮ್ಮ ಕಡೆಯ ಒಂದು ಅಭ್ಯಾಸವನ್ನು ಹೇಳದೆ ಬಿಡಲಾರೆ. ಸಾರಿಗೆ ವಾಹನಗಳಿಗೆ ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ (ಗೇರ್‌ಬಾಕ್ಸಿನ ಗವರ್ನರ್ ಅಲ್ಲ) ಕಡ್ಡಾಯ ಮಾಡುವ ಕೇಂದ್ರದ ನಿಯಮ 2015ರಲ್ಲಿ ಬಿಗಿಯಾದ ಮೇಲೆ, ಸ್ಪೀಡ್ ಸೆನ್ಸರಿನ ವೈರನ್ನು ನಡುವೆ ಸುಲಿದು ಆ ಸ್ಪೀಡ್ ಗವರ್ನರಿಗೆ ಜೋಡಿಸುವುದು ವೈರ್‌ಮನ್‌ಗಳಿಗೆ ಕರತಲಾಮಲಕವಾಯಿತು. ಸುಲಿ, ತಿರುಚು, ಟೇಪ್ ಸುತ್ತು. ಮೀಟರಿಗಷ್ಟೇ ಹೋಗುವ ವೈರಿನಲ್ಲಿ ಈ ಗಂಟು ನಡೆದೀತು. ಗೇರ್ ತೀರ್ಮಾನಿಸುವ ವೈರಿನಲ್ಲಿ ಮಳೆಗಾಲದ ಒಂದು ಹನಿ ನೀರು ಒಳಹೊಕ್ಕರೂ ಅಪಾಯ.

ಯಾಕೆಂದರೆ ಅಷ್ಟಕ್ಕೇ ಸಿಗ್ನಲ್ ನಿಂತುಹೋಗಬಹುದು. ಹಾಗೆ ನಿಂತಾಗ ಏನು ಮಾಡಬೇಕೆಂದು ಕಂಟ್ರೋಲರಿಗೆ ಮೊದಲೇ ಹೇಳಿರಬೇಕು. ಕಾರ್ಖಾನೆಯ ಗಾಡಿಗಳಲ್ಲಿ ಪಿ0720, ಪಿ0722 ಎಂಬ ಕೋಡ್ ಬಿದ್ದು ಪೆಟ್ಟಿಗೆ ಒಂದೇ ಗೇರಿನಲ್ಲಿ ನಿಲ್ಲುತ್ತದೆ, ಕುಂಟುತ್ತಾದರೂ ಮನೆ ಸೇರುತ್ತೀರಿ. ಕೈಯಾರೆ ಪ್ರೋಗ್ರಾಮ್ ಮಾಡಿದ ಕಂಟ್ರೋಲರಿನಲ್ಲಿ ಈ ಅಧ್ಯಾಯವನ್ನೇ ಖಾಲಿ ಬಿಟ್ಟಿದ್ದರೆ ಪಲ್ಸ್ ಇಲ್ಲ ಎಂದರೆ ವೇಗ ಸೊನ್ನೆ, ವೇಗ ಸೊನ್ನೆ ಎಂದರೆ ಒಂದನೇ ಗೇರ್. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಒಂದನೇ ಗೇರ್ ಬಿದ್ದರೆ ಹಿಂದಿನ ಚಕ್ರಗಳು ಹಿಡಿದುಕೊಳ್ಳಬಹುದು. ಎಂಜಿನ್ನಿನ ಸುತ್ತು ಹಾಗೇ ಇದ್ದು ಔಟ್‌ಪುಟ್ ಮಾತ್ರ ಒಮ್ಮೆಲೇ ಸೊನ್ನೆಯಾದರೆ ಅದನ್ನು ನಂಬಬೇಡ ಎಂಬ ಒಂದು ಸಾಲಿನ ನಿಬಂಧನೆ ಸಾಕು, ಆ ಅನಾಹುತ ತಪ್ಪುತ್ತದೆ. ಯಾರಾದರೂ ಈ ಕೆಲಸವನ್ನು ತೋರಿಸಿ ಹೇಗಿದೆ ಎಂದು ಕೇಳಿದರೆ, ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ ಚಕ್ರ ತಿರುಗುತ್ತಿರುವಾಗ ಸೆನ್ಸರಿನ ಪ್ಲಗ್ ಕಿತ್ತು ತೋರಿಸಿ ಎನ್ನುತ್ತೇನೆ.

ಇಷ್ಟೆಲ್ಲ ಸರಿ ಮಾಡಿದರೂ ಔಟ್‌ಪುಟ್ ಸೆನ್ಸರ್ ಹೇಳುವುದು ಅರ್ಧ ಕಥೆ. ಕ್ಲಚ್ ಜಾರುತ್ತಿದೆಯೇ ಎಂದು ತಿಳಿಯಲು ಒಳಬರುವ ಸುತ್ತೂ ಗೊತ್ತಿರಬೇಕು. ಮೂರನೇ ಗೇರಿನ ಅನುಪಾತ ಒಂದಕ್ಕೊಂದು ಇರುವ ಪೆಟ್ಟಿಗೆಯಲ್ಲಿ ಒಳಗೆ 2,000 ಸುತ್ತು, ಹೊರಗೆ 1,900 ಎಂದರೆ ನೂರು ಸುತ್ತು ಎಲ್ಲೋ ಜಾರಿ ಬಿಸಿಯಾಗುತ್ತಿದೆ. ಎ604 ಎರಡೂ ಕಡೆ ಸೆನ್ಸರ್ ಇಟ್ಟುಕೊಂಡದ್ದು ಇದಕ್ಕೇ. ಒಳಗಿನ ಸೆನ್ಸರಿಗೆ ಜಾಗವಿಲ್ಲದ ಪೆಟ್ಟಿಗೆಯಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗಿರುವಷ್ಟು ಹೊತ್ತು ಎಂಜಿನ್ನಿನ ಸುತ್ತನ್ನೇ ಒಳಗಿನದೆಂದು ಹಿಡಿಯಬಹುದು. ಲಾಕಪ್ಪೇ ಇಲ್ಲದ ಹಳೆಯ ಮೂರು ಗೇರಿನ ಪೆಟ್ಟಿಗೆಗೆ ಆ ಅನುಕೂಲವೂ ಇಲ್ಲ. ಅಂಥದಕ್ಕೆ ಗವರ್ನರನ್ನು ಶುಚಿ ಮಾಡಿ ಅದರ ಪಾಡಿಗೆ ಬಿಟ್ಟು, ಕೇಬಲ್ ತುದಿಗೆ ನಾಲ್ಕು ಪಲ್ಸಿನ ಸೆನ್ಸರ್ ತಿರುಪಿ ಮೀಟರ್ ಓಡಿಸಿಕೊಳ್ಳುವುದೇ ಸರಿ. ರಿಂಗಿಗೆ, ಕಂಟ್ರೋಲರಿಗೆ ಎತ್ತಿಟ್ಟ ಹಣದಲ್ಲಿ ಒಂದು ಒಳ್ಳೆಯ ಆಯಿಲ್ ಕೂಲರ್ ಹಾಕಿಸಿದರೆ ಶೂಲಗಿರಿ ಏರಿನಲ್ಲಿ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.