ವೀಣೆಯ ಮೆಟ್ಟಿಲೂ ಪ್ರತಿನಿಧಿನ್ಯಾಯವೂ: ಸ್ವರಮೇಳಕಲಾನಿಧಿಯ ವೀಣಾಪ್ರಕರಣದ ವಿಮರ್ಶೆ

ರಾಮಾಮಾತ್ಯನ ಸ್ವರಮೇಳಕಲಾನಿಧಿಯು ಗಾತ್ರದಲ್ಲಿ ಅಲ್ಪವಾದರೂ ವಿವಾದದಲ್ಲಿ ಅನಲ್ಪವಾದ ಗ್ರಂಥ. ಕ್ರಿ. ಶ. ೧೫೫೦ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ಇದು ಹುಟ್ಟಿತು. ೧೯೩೨ರಲ್ಲಿ ಅಣ್ಣಾಮಲೆ ವಿಶ್ವವಿದ್ಯಾನಿಲಯವು ಇದನ್ನು ಅಚ್ಚುಹಾಕಿಸಿದ ಮೇಲೆ ವಿದ್ವಾಂಸರಲ್ಲಿ ಇದರ ವೀಣಾಪ್ರಕರಣವನ್ನು ಕುರಿತು ಎರಡು ಪಕ್ಷಗಳು ಬೆಳೆದಿವೆ. ರಾಮಾಮಾತ್ಯನು ಭರತ ಶಾರ್ಙ್ಗದೇವರ ಶ್ರುತಿವಿಭಾಗವನ್ನು ಮರದ ಮೇಲಿನ ಮೆಟ್ಟಿಲಿಗೆ ಬಲಿಕೊಟ್ಟನೆಂದು ಒಂದು ಪಕ್ಷ. ಐರೋಪ್ಯರು ಇಂದು ಬಳಸುವ ಹನ್ನೆರಡು ಸಮಭಾಗಗಳ ಸ್ಥಾಯಿಯನ್ನು ಅವನು ಆಗಲೇ ಕಂಡುಕೊಂಡಿದ್ದನೆಂದು ಇನ್ನೊಂದು ಪಕ್ಷ. ಮೊದಲನೆಯದು ನಿಂದೆ, ಎರಡನೆಯದು ಸ್ತುತಿ. ಎರಡಕ್ಕೂ ಮೂಲದಲ್ಲಿ ಆಧಾರವಿಲ್ಲವೆಂದು ನನಗೆ ಈಚೆಗೆ ತೋರಿದೆ. ಹಾಗೆ ತೋರಿದ ಬಗೆಯನ್ನು ಹೇಳಿ, ಅನಂತರ ಗ್ರಂಥದ ನಿಜವಾದ ದೋಷವೆಲ್ಲಿದೆಯೆಂಬುದನ್ನು ವಿಚಾರಿಸುತ್ತೇನೆ.

ಮೊದಲನೆಯ ಪಕ್ಷದಲ್ಲಿ ನಾನೂ ಇದ್ದವನೇ. ಚನ್ನರಾಯಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆ ಈ ಪ್ರಕರಣವನ್ನು ಪಾಠ ಹೇಳುವಾಗ ಪದಚ್ಛೇದ, ಅನ್ವಯ, ತಾತ್ಪರ್ಯ ಎಲ್ಲವನ್ನೂ ಒಪ್ಪಿಸುತ್ತಿದ್ದೆನೇ ಹೊರತು, ಸಾರಿಕೆಯೆಂಬ ವಸ್ತುವು ದಂಡದ ಮೇಲೆ ಹೇಗೆ ಕೂರುತ್ತದೆಂಬುದನ್ನು ಎಂದೂ ನೋಡಿರಲಿಲ್ಲ. ‘ಸ್ವಯಂಭೂ’ ಎಂಬ ಶಬ್ದ ಬಂದಾಗ ‘ತಾನೇ ಹುಟ್ಟಿದ್ದು, ಆದ್ದರಿಂದ ದಿವ್ಯವಾದದ್ದು’ ಎಂದು ಹೇಳಿ ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆ. ಕೇಳಿದ ಹುಡುಗರಿಗೂ ಸಮಾಧಾನವಾಗುತ್ತಿತ್ತು. ಅದೇ ನನ್ನ ದುರದೃಷ್ಟ.

ಹಾಸನದಲ್ಲಿರುವ ನನ್ನ ಸೋದರಳಿಯನು ಕಳೆದ ಬೇಸಗೆಯಲ್ಲಿ ತನ್ನ ಕೈಯಿಂದಲೇ ಒಂದು ಗಿಟಾರನ್ನು ಮಾಡುತ್ತಿದ್ದನು. ಆ ವಾದ್ಯದಲ್ಲಿ ನನಗೆ ಆಸಕ್ತಿಯೇನೂ ಇರಲಿಲ್ಲ. ಆದರೆ ಅವನು ಬೀಟೆಯ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಉಕ್ಕಿನ ಅಳತೆಪಟ್ಟಿಯಿಂದ ಗೆರೆ ಗುರುತಿಸುತ್ತಿದ್ದುದನ್ನು ಕಂಡು ಪಕ್ಕದಲ್ಲಿ ಕುಳಿತೆ. ಗೆರೆ ಹಾಕುವ ಕ್ರಮ ಹೀಗೆ: ತಂತಿಯ ಪೂರ್ಣ ಉದ್ದವನ್ನು ೧೭.೮೧೭ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲಿನ ದೂರ ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಅವನ ವಾದ್ಯದ ತಂತಿ ೬೫೦ ಮಿಲಿಮೀಟರು. ಮೊದಲನೆಯ ಮೆಟ್ಟಿಲು ೩೬.೫ರ ಹತ್ತಿರ ಬಿತ್ತು. ಪಶ್ಚಿಮದಲ್ಲಿ ಹಿಂದೆ ಹದಿನೆಂಟರಿಂದಲೇ ಭಾಗಿಸುತ್ತಿದ್ದರು. ಗೆಲಿಲಿಯೋವಿನ ತಂದೆ ವಿಂಚೆಂಜೊ ಗೆಲಿಲಿ ೧೫೮೧ರಲ್ಲಿ ಅದನ್ನೇ ಬರೆದಿಟ್ಟಿದ್ದಾನೆ. ಆದರೆ ಹದಿನೆಂಟರ ಲೆಕ್ಕದಲ್ಲಿ ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಬೀಳದೆ, ಈ ಉದ್ದಕ್ಕೆ ಎರಡು ಮಿಲಿಮೀಟರಿಗೂ ಮಿಕ್ಕಿ ಹಿಂದೆ ಉಳಿಯುತ್ತದೆ.

“ಮಾವ, ಪ್ರತಿಯೊಂದನ್ನೂ ಮೇರುವಿನಿಂದಲೇ ಅಳೆಯಬೇಕು. ಹಿಂದಿನ ಗೆರೆಯಿಂದ ಅಳೆದರೆ ಮೊದಲನೆಯದರ ತಪ್ಪು ಹನ್ನೆರಡನೆಯದಕ್ಕೂ ಬರುತ್ತದೆ,” ಎಂದನು. ಮೇರುವೆಂಬ ಮಾತನ್ನು ಅವನಿಗೆ ನಾನೇ ಹೇಳಿಕೊಟ್ಟಿದ್ದೆ: ತಂತಿಯು ತಲೆಯ ಕಡೆ ಮೊದಲು ತಾಗುವ ಪಟ್ಟಿ. ಗೆರೆಯಾದ ಮೇಲೆ ತೆಳುವಾದ ಗರಗಸದಿಂದ ಸೀಳು. ಸೀಳಿನ ಅಗಲ ಸುಮಾರು ಅರ್ಧ ಮಿಲಿಮೀಟರಿಗೆ ತುಸು ಮೇಲೆ. ಮೆಟ್ಟಿಲಿನ ಲೋಹದ ಕಂಬಿಗೆ ಕೆಳಗಡೆ ಒಂದು ನಾಲಗೆ, ಅದರ ಮೈಯಲ್ಲಿ ಸಣ್ಣ ಮುಳ್ಳುಗಳು. ಸೀಳು ಅಗಲವಾದರೆ ಮುಳ್ಳು ಹಿಡಿಯುವುದಿಲ್ಲ. ಕಿರಿದಾದರೆ ಇಪ್ಪತ್ತು ಮೆಟ್ಟಿಲೂ ಸೇರಿ ಪಟ್ಟಿಯನ್ನೇ ಹಿಂದಕ್ಕೆ ಬಾಗಿಸುತ್ತವೆ. ಆಳವು ನಾಲಗೆಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು. ಕಂಬಿಯ ಎರಡು ತುದಿಗಳನ್ನು ಮೊದಲು ಬಡಿದು, ಆಮೇಲೆ ನಡುವನ್ನು ಬಡಿದು ಕೂರಿಸಿ, ಹೊರಚಾಚಿದ ತುದಿಗಳನ್ನು ಕತ್ತರಿಸಿ ಅರದಿಂದ ಉಜ್ಜಿದನು. ಏಳನೆಯ ಸೀಳು ಒಂದು ಮಿಲಿಮೀಟರು ಆಚೆಗೆ ಹೋಗಿತ್ತು. ಅದನ್ನು ತಿದ್ದುವ ಉಪಾಯವಿರಲಿಲ್ಲ. ಬೀಟೆಯ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ ನೋಡಿದನು, ಮನಸ್ಸಿಗೆ ಒಪ್ಪಲಿಲ್ಲ. ಆ ಪಟ್ಟಿಯನ್ನು ಮೂಲೆಗಿಟ್ಟು ಬೇರೊಂದನ್ನು ತೆಗೆದುಕೊಂಡನು.

ಆಗ ನನಗೆ ಹೊಳೆನರಸೀಪುರದಲ್ಲಿ ನಮ್ಮ ಸೋದರತ್ತೆಯವರ ಮನೆಯ ವೀಣೆ ನೆನಪಾಯಿತು. ಹಲಸಿನ ದಂಡಿ, ಹಿತ್ತಾಳೆಯ ಇಪ್ಪತ್ತನಾಲ್ಕು ಮೆಟ್ಟಿಲು. ಅವು ಮರಕ್ಕೆ ನಾಟಿದವಲ್ಲ. ದಂಡಿಯ ಎರಡು ಅಂಚಿನಲ್ಲಿ ಏರಿಸಿದ ಕಪ್ಪು ಮೇಣದ ಗೋಡೆಗಳ ಮೇಲೆ ಒತ್ತಿ ಕೂರಿಸಿದವು. ಜೇನುಮೇಣಕ್ಕೆ ರಾಳವನ್ನೂ ಮಸಿಯನ್ನೂ ಸೇರಿಸಿ ಕಾಯಿಸಿ ಮಾಡಿದ ಮೇಣ. ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ಕಿನ್ನರೀವೀಣೆಗೆ ಹೇಳಿರುವುದೂ ಸುಟ್ಟ ಬಟ್ಟೆಯ ಮಸಿ ಬೆರೆತ ಮೇಣವನ್ನೇ. ಒಂದು ಬೇಸಗೆಯಲ್ಲಿ ಕಿಟಕಿಯ ಬಿಸಿಲಿಗೆ ಮೇಣ ಸಡಿಲಿ ಮೇಲಿನ ಎರಡು ಮೆಟ್ಟಿಲು ಓರೆಯಾದವು. ಮೇಳ ಕಟ್ಟುವವರು ಬಂದು ಅಳತೆಪಟ್ಟಿಯನ್ನು ಹೊರಗೇ ತೆಗೆಯಲಿಲ್ಲ. ಮೀಟುವುದು, ಕೇಳುವುದು, ಕಾಸಿದ ಕಬ್ಬಿಣವನ್ನು ಮೇಣಕ್ಕೆ ಸೋಕಿಸುವುದು, ಮೆಟ್ಟಿಲನ್ನು ಉಗುರಿನಷ್ಟು ಸರಿಸುವುದು, ಮತ್ತೆ ಮೀಟುವುದು. ಇದು ಮಧ್ಯಾಹ್ನದವರೆಗೆ ನಡೆಯಿತು. ಅಂದು ನನಗೆ ಅದು ಕೈಕೆಲಸವಾಗಿ ಕಂಡಿತು. ರಾಮಾಮಾತ್ಯನು ಬರೆದಿರುವುದು ಅದನ್ನೇ ಎಂಬುದು ತಿಳಿಯಲು ಹಾಸನದ ಗರಗಸ ಬೇಕಾಯಿತು.

ಈಗ ಗ್ರಂಥಕ್ಕೆ ಬರೋಣ. ರಾಮಾಮಾತ್ಯನ ಶುದ್ಧಮೇಳ ವೀಣೆಯಲ್ಲಿ ಮೇಲಿನ ನಾಲ್ಕು ತಂತಿಗಳು ಕ್ರಮವಾಗಿ ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮಗಳಿಗೆ ಶ್ರುತಿಗೊಳ್ಳುತ್ತವೆ. ಮೊದಲ ತಂತಿಯ ಕೆಳಗಿನ ಆರು ಸಾರಿಕೆಗಳು ಶುದ್ಧ ರಿಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮ. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ: ಸಾರಿಕೆಯು ನೇರವಾದ ಒಂದೇ ಕಂಬಿ, ಅದು ನಾಲ್ಕು ತಂತಿಗಳಿಗೂ ಸಮಾನ. ಒಂದು ತಂತಿಗೆ ಅನುಕೂಲವಾಗಲೆಂದು ಸರಿಸಿದರೆ ಉಳಿದ ಮೂರು ತಂತಿಗಳ ಸ್ವರವೂ ಸರಿಯುತ್ತದೆ. ಆದ್ದರಿಂದ ಒಂದು ತಂತಿಯ ಮೇಲೆ ಸಿದ್ಧಪಡಿಸಿದ್ದನ್ನು ಇನ್ನೊಂದರ ಮೇಲೆ ಪರೀಕ್ಷಿಸಲೇಬೇಕು. ಎರಡನೆಯ ತಂತಿಯಲ್ಲಿ ಐದನೆಯ ಸಾರಿಕೆ ಷಡ್ಜವನ್ನು ನುಡಿಯಬೇಕು. ಮೂರನೆಯ ತಂತಿಯು ಒತ್ತದೆಯೇ ನುಡಿಯುವುದೂ ಅದೇ ಷಡ್ಜ. ನಾಲ್ಕನೆಯ ತಂತಿಯಲ್ಲಿ ಎರಡನೆಯ ಸಾರಿಕೆ ಪಂಚಮ. ಎರಡನೆಯ ತಂತಿಯು ಒತ್ತದೆಯೇ ಅದರ ಕೆಳಸ್ಥಾಯಿಯ ಪಂಚಮವನ್ನು ಕೊಡುತ್ತಿದೆ. ಹೀಗೆ ತಂತಿಗೆ ತಂತಿಯೇ ಸಾಕ್ಷಿ. ಈ ಸ್ವರಗಳು ಸ್ವಯಂಭುವೆಂದೂ, ತನ್ನ ಬುದ್ಧಿಯಿಂದ ಕಲ್ಪಿಸಿದವಲ್ಲವೆಂದೂ ಅವನು ಹೇಳುವುದಕ್ಕೆ ದಿವ್ಯತ್ವದ ಅರ್ಥವನ್ನು ಹಚ್ಚಬೇಕಾದ ಕಾರಣವೇ ಇಲ್ಲ. ತಂತಿಯ ನಡುವೆಯೋ ಮೂರನೆಯ ಒಂದು ಭಾಗದಲ್ಲೋ ಬೆರಳನ್ನು ಒತ್ತದೆ ಬರಿದೆ ಸೋಕಿಸಿ ಮೀಟಿದರೆ ಏಳುವ ಎಳೆಯ ನಾದವನ್ನು ಯಾರಾದರೂ ಕೇಳಬಹುದು. ಅದು ಮೆಟ್ಟಿಲನ್ನು ಅಪೇಕ್ಷಿಸುವುದಿಲ್ಲ; ಆದಕಾರಣ ಮೆಟ್ಟಿಲಿಗೆ ಪ್ರಮಾಣವಾಗಬಲ್ಲದು.

ತೊಡಕು ಇರುವುದು ನಾಲ್ಕನೆಯ ಸಾರಿಕೆಯಲ್ಲಿ. ಎರಡನೆಯ ತಂತಿಯ ಎರಡನೆಯ ಸಾರಿಕೆ ಶುದ್ಧ ನಿಷಾದ. ನಾಲ್ಕನೆಯ ತಂತಿಯ ನಾಲ್ಕನೆಯ ಸಾರಿಕೆಯೂ ಮೇಲಿನ ಸ್ಥಾಯಿಯ ಶುದ್ಧ ನಿಷಾದವೇ. ಇವೆರಡೂ ಕೂಡಬೇಕಾದರೆ ನಾಲ್ಕನೆಯ ಸಾರಿಕೆಗೆ ಒಂದೇ ಒಂದು ಸ್ಥಾನ ಉಂಟು. ಸೋದರಳಿಯನಿಂದ ಅವನ ೬೫೦ ಮಿಲಿಮೀಟರಿನ ತಂತಿಗೆ ಲೆಕ್ಕ ಹಾಕಿಸಿದೆ: ಆ ಸ್ಥಾನ ಮೇರುವಿನಿಂದ ೧೩೬.೪ ಮಿಲಿಮೀಟರು. ತಂತಿಯ ಐದನೆಯ ಒಂದು ಭಾಗವನ್ನು ಬಿಟ್ಟು ಮೀಟಿದರೆ ಬರುವ ಮಧುರವಾದ ಗಾಂಧಾರವಾದರೋ ೧೩೦ರಲ್ಲಿ ನಿಲ್ಲುತ್ತದೆ. ಗಿಟಾರಿನ ಸಮಭಾಗದ ಲೆಕ್ಕ ಎರಡನ್ನೂ ಬಿಟ್ಟು ೧೩೪.೧ ಎನ್ನುತ್ತದೆ. ಮೊದಲೆರಡರ ನಡುವಿನ ಆರೂವರೆ ಮಿಲಿಮೀಟರಿನಷ್ಟು ಅಂತರವೇ ಚ್ಯುತಮಧ್ಯಮ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಇರುವ ಒಂದು ಶ್ರುತಿಯ ಭೇದವೆಂದಿಟ್ಟುಕೊಳ್ಳಿ. ವೀಣೆಯ ತಂತಿ ಇನ್ನೂ ಉದ್ದ. ಆದರೂ ಭೇದ ಒಂದು ಸೆಂಟಿಮೀಟರನ್ನು ಮುಟ್ಟದು. ಅಷ್ಟರಲ್ಲಿ ಎರಡು ಸಾರಿಕೆಗಳನ್ನು ನಿಲ್ಲಿಸಿದರೆ ನಡುವೆ ಬೆರಳು ಹೋಗುವುದಿಲ್ಲ. ಇಕ್ಕಟ್ಟಾಗುವುದೆಂಬ ಕಾರಣವನ್ನೇ ರಾಮಾಮಾತ್ಯನೂ ಕೊಡುತ್ತಾನೆ; ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಬೇರೆ ಸಾರಿಕೆ ಬೇಡ, ಪಕ್ಕದ ಚ್ಯುತಮಧ್ಯಮ ಗಾಂಧಾರವೂ ಚ್ಯುತಷಡ್ಜ ನಿಷಾದವೂ ಅವುಗಳಿಗೆ ಪ್ರತಿನಿಧಿಗಳಾಗಲಿ ಎನ್ನುತ್ತಾನೆ.

ಈ ‘ಪ್ರತಿನಿಧಿ’ ಶಬ್ದವನ್ನು ಕೋಶದಿಂದ ಅರ್ಥಮಾಡಿದವರು ರಾಮಾಮಾತ್ಯನು ಎರಡು ಸ್ವರಗಳನ್ನು ಒಂದಾಗಿ ಮಾಡಿದನೆಂದರು. ಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದವನ್ನು ಓದಿದವರು ಹಾಗೆನ್ನಲಾರರು. ವ್ರೀಹಿ ದೊರೆಯದಾಗ ನೀವಾರದಿಂದ ಯಾಗ ನಡೆಯುತ್ತದೆ. ಏಕೆ ನೀವಾರವೇ? ವ್ರೀಹಿಗೆ ಅತ್ಯಂತ ಸದೃಶವಾದದ್ದರಿಂದ. ಆದರೆ ನೀವಾರವು ವ್ರೀಹಿಯಾಗುವುದಿಲ್ಲ. ಮಂತ್ರದಲ್ಲಿ ವ್ರೀಹಿಶಬ್ದವನ್ನು ತೆಗೆದು ನೀವಾರಶಬ್ದವನ್ನು ಹಾಕುವಂತೆಯೂ ಇಲ್ಲ. ಕೈಯಲ್ಲಿರುವುದು ನೀವಾರ, ವಿಧಿಯಲ್ಲಿರುವುದು ವ್ರೀಹಿ. ಅಂತೆಯೇ ಬೆರಳ ಕೆಳಗಿರುವುದು ಚ್ಯುತಮಧ್ಯಮ ಗಾಂಧಾರದ ಸಾರಿಕೆ, ರಾಗಲಕ್ಷಣದಲ್ಲಿರುವುದು ಅಂತರ ಗಾಂಧಾರ. ಶ್ರುತಿ ಎಲ್ಲಿಯೂ ಲೋಪವಾಗಿಲ್ಲ. ಅದು ಮರದಿಂದ ವೈಣಿಕನ ಕೈಗೆ ಹೋಗಿದೆ. ವೀಣೆಯ ಮೆಟ್ಟಿಲು ದಂಡಿಯಿಂದ ಎತ್ತರವಾಗಿ ನಿಲ್ಲುವುದೂ, ಹಿಂದಿನ ಮೆಟ್ಟಿಲಿನಲ್ಲಿ ತಂತಿಯನ್ನು ಎಳೆದು ಮುಂದಿನ ಸ್ವರವನ್ನು ಬೇಕಾದಷ್ಟೇ ತರಬಹುದಾಗಿರುವುದೂ ಇದಕ್ಕೆ ಉಪಕಾರಕ. ಆದ್ದರಿಂದ ಮೊದಲನೆಯ ಪಕ್ಷ ನಿಲ್ಲುವುದಿಲ್ಲ.

ಎರಡನೆಯ ಪಕ್ಷಕ್ಕೆ ಇಷ್ಟು ದೀರ್ಘವಾದ ಉತ್ತರ ಬೇಕಿಲ್ಲ. ಸಮಭಾಗವು ಸಂಖ್ಯೆಯಿಂದ ಹುಟ್ಟುತ್ತದೆ. ರಾಮಾಮಾತ್ಯನಲ್ಲಿ ಸಂಖ್ಯೆ ಪ್ರಮಾಣವಲ್ಲ, ಸಂವಾದ ಪ್ರಮಾಣ. ಫಲಗಳು ಹತ್ತಿರ ಬಂದವೆಂದ ಮಾತ್ರಕ್ಕೆ ದಾರಿಗಳು ಒಂದಾಗಲಾರವು. ಸಂಖ್ಯೆಯ ದಾರಿಗೆ ಇನ್ನೊಂದು ಕೊರತೆಯನ್ನೂ ಹಾಸನದಲ್ಲಿ ಕಂಡೆ. ಬೆರಳಿನಿಂದ ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುತ್ತದೆ. ಭಾಗಾಕಾರಕ್ಕೆ ಇದು ತಿಳಿಯದು. ಆದಕಾರಣ ಗಿಟಾರು ಮಾಡುವವರು ಕುದುರೆಯನ್ನು ಲೆಕ್ಕಕ್ಕಿಂತ ಎರಡು ಮಿಲಿಮೀಟರಿನಷ್ಟು ಹಿಂದಕ್ಕಿಟ್ಟು ಸರಿಮಾಡಿಕೊಳ್ಳುತ್ತಾರೆ. ಮೇಳ ಕಟ್ಟುವವನು ಒತ್ತಿದ ತಂತಿಯನ್ನೇ ಕೇಳಿ ಮೆಟ್ಟಿಲನ್ನು ನಿಲ್ಲಿಸುವುದರಿಂದ ಆ ಏರಿಕೆ ಅವನ ಮೇಣದಲ್ಲಿ ಆಗಲೇ ಸೇರಿಹೋಗಿರುತ್ತದೆ.

ಹಾಗಾದರೆ ರಾಮಾಮಾತ್ಯನು ನಿರ್ದುಷ್ಟನೇ? ಅಲ್ಲ. ಅವನ ದೋಷ ವೀಣಾಪ್ರಕರಣದಲ್ಲಿಲ್ಲ, ಮೇಳಪ್ರಕರಣದಲ್ಲಿದೆ. ಅಲ್ಲಿ ಇಪ್ಪತ್ತು ಮೇಳಗಳನ್ನು ಎಣಿಸಿ, ಅಂತರ ಕಾಕಲಿಗಳಿಗೆ ಪ್ರತಿನಿಧಿಯನ್ನು ಅಂಗೀಕರಿಸಿದರೆ ಮೇಳಗಳು ಹದಿನೈದೇ ಆಗುವುವೆಂದೂ ಹೇಳುತ್ತಾನೆ. ಇದು ತನ್ನ ಶಬ್ದಕ್ಕೆ ತಾನೇ ಬಗೆದ ದ್ರೋಹ. ಪ್ರತಿನಿಧಿಯೆಂದರೆ ಮೇಳಗಳು ಇಪ್ಪತ್ತೇ. ನೀವಾರದಿಂದ ಮಾಡಿದ ಯಾಗ ಬೇರೊಂದು ಯಾಗವಾಗಿ ಲೆಕ್ಕಕ್ಕೆ ಸೇರದು, ಲೆಕ್ಕದಿಂದ ಬಿಟ್ಟೂ ಹೋಗದು. ಅಭೇದವೆಂದರೆ ಮಾತ್ರ ಹದಿನೈದು. ವೀಣೆಯ ಮುಂದೆ ಕುಳಿತಾಗ ಸೂಕ್ಷ್ಮನಾಗಿದ್ದ ಗ್ರಂಥಕಾರನು ಪಟ್ಟಿ ಮಾಡಲು ಕುಳಿತಾಗ ಸ್ಥೂಲನಾದನು.

ವೆಂಕಟಮಖಿಯು ಹದಿನೇಳನೆಯ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆಯಲ್ಲಿ ರಾಮಾಮಾತ್ಯನ ಮೇಳಗಣನೆಯ ಮೇಲೆ ಕಠೋರವಾಗಿ ಬಿದ್ದದ್ದು ಪ್ರಸಿದ್ಧ. ಆ ಕಠೋರತೆಯನ್ನು ಕೆಲವರು ಮಾತ್ಸರ್ಯವೆಂದಿದ್ದಾರೆ. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಈ ಮಗನು ಕುಮಾರಿಲನ ಟುಪ್ಟೀಕೆಗೆ ವಾರ್ತಿಕಾಭರಣವೆಂಬ ವ್ಯಾಖ್ಯಾನ ಬರೆದ ಮೀಮಾಂಸಕನೆಂಬುದನ್ನು ಮರೆತು ಆಡಿದ ಮಾತು ಅದು. ಪ್ರತಿನಿಧಿವಿಚಾರವುಳ್ಳ ಆರನೆಯ ಅಧ್ಯಾಯವು ಟುಪ್ಟೀಕೆಯ ವ್ಯಾಪ್ತಿಯಲ್ಲೇ ಇದೆ. ಅಂಥವನಿಗೆ ಈ ಸಡಿಲಿಕೆ ಸಹ್ಯವಾಗದಿದ್ದುದರಲ್ಲಿ ಆಶ್ಚರ್ಯವೇನು? ಶ್ರುತಿ ಸ್ವರಗಳಿಗಿಂತ ಮೊದಲೇ ವೀಣಾಪ್ರಕರಣವನ್ನಿಟ್ಟು ಗ್ರಂಥವನ್ನಾರಂಭಿಸಿದ್ದೂ ಅವನ ವಿವೇಕವೇ. ಆದರೆ ಅವನ ಪರಿಹಾರವನ್ನು ನೋಡಿರಿ: ಚ್ಯುತಮಧ್ಯಮ ಗಾಂಧಾರವೆಂಬ ಹೆಸರನ್ನೇ ಬಿಟ್ಟು ಆ ಮೆಟ್ಟಿಲನ್ನು ಅಂತರ ಗಾಂಧಾರವೆಂದು ಕರೆದನು. ನೀವಾರಕ್ಕೆ ವ್ರೀಹಿಯೆಂದು ನಾಮಕರಣವಾಯಿತು. ಎಪ್ಪತ್ತೆರಡು ಮೇಳಗಳ ಸೌಧಕ್ಕೆ ಅದು ಬೇಕಿತ್ತು, ಒಪ್ಪುತ್ತೇನೆ. ಶ್ರುತಿಯನ್ನು ಮೆಟ್ಟಿಲಿಗೆ ಬಲಿಕೊಟ್ಟ ಆರೋಪ ಯಾರ ಮೇಲಾದರೂ ನಿಲ್ಲುವುದಾದರೆ ಅದು ಆ ಆರೋಪದ ಕರ್ತೃಗಳು ಪೂಜಿಸುವ ವೆಂಕಟಮಖಿಯ ಮೇಲೆಯೇ ಹೆಚ್ಚು ನಿಲ್ಲುತ್ತದೆ.

ಈ ವಿಚಾರ ನಮ್ಮ ಹಾಸನದ ಸೀಮೆಗೆ ದೂರದ್ದಲ್ಲ. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು (೧೯೨೦–೧೯೯೭) ಹುಟ್ಟಿದ್ದು ಈ ಜಿಲ್ಲೆಯ ಗಾಡೇನಹಳ್ಳಿಗಳಂಥದೇ ಒಂದು ಸಣ್ಣ ಊರಾದ ಗದ್ದವಳ್ಳಿಯಲ್ಲಿ, ವೆಂಕಟಗಿರಿಯಪ್ಪನವರ ಶಿಷ್ಯರು. ಅವರು ನುಡಿಸಿದ ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೆ ಪ್ರಾಧಾನ್ಯ, ಎಳೆತದಲ್ಲಿ ಮಿತಿ. ಅಲ್ಲಿ ಮೆಟ್ಟಿಲು ತಾನಾಗಿ ಎಷ್ಟು ನುಡಿಯುತ್ತದೆಂಬುದು ಇನ್ನೂ ಮುಖ್ಯವಾಗುತ್ತದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ (೧೯೨೦–೨೦೧೪) ಮೊದಲಾದ ಗಾಯಕರ ಊರು. ಅಲ್ಲಿ ತಂಬೂರಿಯ ಆಕಾರದ ಮಂದಿರವೇ ಎದ್ದಿದೆ. ತಂಬೂರಿಗೆ ಮೆಟ್ಟಿಲಿಲ್ಲ, ಆದ್ದರಿಂದ ಅದಕ್ಕೆ ಪ್ರತಿನಿಧಿಯ ಕಷ್ಟವೂ ಇಲ್ಲ; ಗಾಯಕರು ಪುಣ್ಯವಂತರು.

ಪಾಠ ಹೇಳುವ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೆ. ವೀಣಾಪ್ರಕರಣದ ಪ್ರತಿನಿಧಿಶಬ್ದಕ್ಕೆ ಟಿಪ್ಪಣಿ ಬರೆಯುವಾಗ ಅಮರಕೋಶವನ್ನು ಬಿಟ್ಟು ಜೈಮಿನಿಯನ್ನು ತೆಗೆಯಬೇಕು. ಸ್ವಯಂಭೂಶಬ್ದ ಬಂದಾಗ ಒಂದು ತಂತಿಯನ್ನು ತರಗತಿಗೆ ತರಬೇಕು. ಸೋದರಳಿಯನು ಮೂಲೆಗಿಟ್ಟ ಬೀಟೆಯ ಪಟ್ಟಿಯನ್ನು ನಾನು ಬೇಡಿ ತಂದಿದ್ದೇನೆ. ಅದಕ್ಕೆ ತಂತಿ ಬಿಗಿದು, ಒಂದೇ ಮೆಟ್ಟಿಲನ್ನು ಮೇಣದಲ್ಲಿ ಕೂರಿಸಿ, ೧೩೦ರಿಂದ ೧೩೬ರವರೆಗೆ ಸರಿಸಿ ತೋರಿಸಿದಾಗ ಚನ್ನರಾಯಪಟ್ಟಣದ ಹುಡುಗರಿಗೆ ಗಾಂಧಾರಗಳು ಎರಡೆಂಬುದು ಶ್ಲೋಕಕ್ಕಿಂತ ಮೊದಲೇ ತಿಳಿಯಿತು.