ಹಿಟ್ಟಿಕ್ಕುದ್ರಾ? : ಬರಗಾಲದ ಪಟಗಳ ಮುಂದೆ ಒಂದು ಪ್ರಶ್ನೆ

ಪುಸ್ತಕವೊಂದರಲ್ಲಿ ಅಚ್ಚಾಗಿದ್ದ ಹಳೆಯ ಫೋಟೋವನ್ನು ನಮ್ಮ ಕೇರಿಯ ಮುದುಕಿಯೊಬ್ಬಳಿಗೆ ತೋರಿಸಿದ್ದೆ. 1876-78ರ ಬರಗಾಲದ ಫೋಟೋ ಅದು. ನೆಲದ ಮೇಲೆ ಕೂತ ಒಂದಷ್ಟು ಜನ. ಚರ್ಮ ಹೊದ್ದ ಎಲುಬುಗಳು. ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ. 'ಪಟ ತಗುದ್ಮೇಲೆ ಇವ್ರ್ಗೆ ಹಿಟ್ಟಿಕ್ಕುದ್ರಾ ಮಗಾ?' ಅಂದಳು.

ನಾನು ಆ ಚಿತ್ರದ ನೆರಳು ಬೆಳಕು, ಕೂತವರ ವಿನ್ಯಾಸ, ಕಣ್ಣುಗಳ ಶೂನ್ಯತೆ ಇವನ್ನೆಲ್ಲ ಗುರುತು ಹಾಕಿಕೊಂಡಿದ್ದವನು. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಅದನ್ನೇ. ಓದುಬರಹವಿಲ್ಲದ ಈ ಮುದುಕಿ ಕೇಳಿದ ಪ್ರಶ್ನೆ ಮಾತ್ರ ನನ್ನ ಟಿಪ್ಪಣಿಯಲ್ಲಿ ಎಲ್ಲೂ ಇರಲಿಲ್ಲ. ದಲಿತ ವಿಮರ್ಶೆಗೆ ಬೇರೆಯದೇ ಆದ ಮಾನದಂಡ ಎಲ್ಲಿದೆ ಎಂದು ಕೇಳುವ ವಿದ್ವಾಂಸರಿಗೆ ನಾನು ಈ ಪ್ರಶ್ನೆಯನ್ನೇ ಮುಂದಿಡಬಯಸುತ್ತೇನೆ.

ಆ ಫೋಟೋ ತೆಗೆದವನು ವಿಲ್ಲೊಬಿ ವಾಲೇಸ್ ಹೂಪರ್, ಮದ್ರಾಸ್ ಅಶ್ವದಳದ ಅಧಿಕಾರಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥಕ್ಕೂ ಇವನ ಚಿತ್ರಗಳು ಸೇರಿವೆ. ಈ ದೇಶದ ಜಾತಿ ಬುಡಕಟ್ಟುಗಳನ್ನು ಚಿಟ್ಟೆ ಹಿಡಿದು ಗುಂಡುಸೂಜಿ ಚುಚ್ಚಿಟ್ಟ ಹಾಗೆ ಇಟ್ಟ ಗ್ರಂಥ ಅದು. ಬರಗಾಲ ಬಂದಾಗ ಹೂಪರ್ ಅದೇ ಕಣ್ಣನ್ನು ಹಸಿದವರ ಕಡೆ ತಿರುಗಿಸಿದ. ಆಗಿನ ಕ್ಯಾಮೆರಾಕ್ಕೆ ಈಗಿನ ಹಾಗೆ ಕಣ್ಣು ಮಿಟುಕಿಸುವುದರೊಳಗೆ ಪಟ ಬೀಳುತ್ತಿರಲಿಲ್ಲ. ಗಾಜಿನ ಹಲಗೆಗೆ ಸ್ಥಳದಲ್ಲೇ ಮದ್ದು ಬಳಿದು, ಅದು ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಪಟ ಬೀಳುವಷ್ಟು ಹೊತ್ತು ಎದುರಿಗಿದ್ದವರು ಅಲುಗಾಡಕೂಡದು. ನಿತ್ರಾಣದವರನ್ನು ಸಾಲಾಗಿ ಕೂರಿಸಿ, ಅಲುಗಾಡಬೇಡಿ ಎಂದು ಹೇಳಿಸಿ ತೆಗೆದ ಚಿತ್ರಗಳಿವು. ಹೀಗೆ ಕೂರಿಸಿ ಪಟ ತೆಗೆದು, ಹೊಟ್ಟೆಗೆ ಏನೂ ಕೊಡದೆ ಕಳಿಸಿದ ಎಂಬ ಆಪಾದನೆ ಅವನ ಮೇಲೆ ಬಂತು. ಮುಂದೆ 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಸೆರೆಯಾಳುಗಳಿಗೆ ಗುಂಡಿಕ್ಕುವಾಗ, ಫೋಟೋಕ್ಕೆ ಸರಿಹೊಂದಲಿ ಅಂತ ಆಜ್ಞೆಯನ್ನೇ ತಡಮಾಡಿದ ಎಂದು ದೂರು ಬಂದು ವಿಚಾರಣೆಯೂ ನಡೆಯಿತು. ಮುದುಕಿಯ ಅನುಮಾನ ಸುಳ್ಳಾಗಿರಲಿಲ್ಲ.

ಈಗ ಫೋಟೋದ ಚೌಕಟ್ಟಿನಿಂದ ಆಚೆ ಬರೋಣ. ನಮ್ಮ ಹಳಬರು ಧಾತು ಈಶ್ವರದ ಬರ ಎನ್ನುತ್ತಿದ್ದದ್ದು ಇದನ್ನೇ. ಆ ಎರಡು ಸಂವತ್ಸರಗಳ ಹೆಸರಲ್ಲಿ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಅಲ್ಲಿನ ಗತಿಯೂ ಅಷ್ಟೆ. ಜನ ಹೀಗೆ ಸಾಯುತ್ತಿರುವಾಗಲೇ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಈ ದೇಶದ ಗೋಧಿ ಹಡಗು ಹತ್ತುತ್ತಲೇ ಇತ್ತು. ಅದೇ ವರ್ಷ ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ಪರಿಹಾರದ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಮೇಲೊಂದು ಆಣೆ ಸಾಕೆಂದು ಕೂಲಿ ಇಳಿಸಿದ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯದು, ಒಂದೂವರೆ ಪೌಂಡಾದರೂ ಬೇಕು ಎಂದು ಜಗಳವಾಡಿದ. ಬರ ಬಂದದ್ದು ಮಳೆ ಹೋದದ್ದಕ್ಕೆ ನಿಜ. ಎಲುಬು ಕಾಣಿಸಿದ್ದು ಈ ಲೆಕ್ಕದಿಂದಲೂ ಹೌದು.

ಹೂಪರನ ಒಂದು ಚಿತ್ರಕ್ಕೆ ಪುಕ್ಕಟೆ ಪರಿಹಾರಕ್ಕೆ ಯೋಗ್ಯರು ಎಂಬರ್ಥದ ಶೀರ್ಷಿಕೆಯಿದೆ. ಯೋಗ್ಯತೆ! ಎಷ್ಟು ಎಲುಬು ಕಂಡರೆ ಯೋಗ್ಯ ಎಂದು ತೀರ್ಮಾನಿಸುವವನು ಕ್ಯಾಮೆರಾದ ಈಚೆಗಿದ್ದಾನೆ. ಕೂತವರ ಹೆಸರಿಲ್ಲ, ಊರಿಲ್ಲ. ಯಾರ ಹೊಲದಲ್ಲಿ ದುಡಿಯುತ್ತಿದ್ದರು, ಯಾರ ಕಣಜ ಮುಚ್ಚಿತು ಎಂಬುದಿಲ್ಲ. ನೆಲವಿಲ್ಲದ ಕೂಲಿಗೆ ಮೊದಲು ಸಾವು ಬರುತ್ತದೆ. ನೆಲವಿಲ್ಲದವರು ಯಾವ ಕೇರಿಯವರು ಎಂದು ಈ ನಾಡಿನಲ್ಲಿ ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತನ್ನು ಒಪ್ಪಬೇಕು. ಚಿತ್ರಗಳಿಂದ ಉಪಯೋಗವೇ ಆಗಲಿಲ್ಲ ಎಂದರೆ ಅದು ಅನ್ಯಾಯದ ಮಾತಾದೀತು. ಫೋಟೋವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚು ಹಾಕುವ ತಂತ್ರ ಆಗ ಬಳಕೆಗೆ ಬಂದಿರಲಿಲ್ಲ. ಮರದಲ್ಲಿ ಕೊರೆದ ಚಿತ್ರಗಳು ಬರುತ್ತಿದ್ದವು. ಬೆಂಗಳೂರಿನಲ್ಲಿ ಪರಿಹಾರಕ್ಕೆ ಕಾದು ನಿಂತ ಜನರ ಚಿತ್ರ 1877ರ ಅಕ್ಟೋಬರ್ 20ರ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'ನಲ್ಲಿ ಬಂತು. ಲಂಡನ್ನಿನ ಮೇಯರ್ ತೆರೆದ ನಿಧಿಗೆ ಜನ ದುಡ್ಡು ಕೊಟ್ಟರು. ಅದರಿಂದ ಒಂದು ಬೋಗುಣಿ ಗಂಜಿ ಕುಡಿದು ಬದುಕಿದ ಮಗುವಿನ ವಂಶದವನು ನಾನೇ ಇರಬಹುದು. ಅನುಕಂಪ ಸುಳ್ಳಲ್ಲ. ಆದರೆ ಅನುಕಂಪ ಗಂಜಿಯ ಲೆಕ್ಕ ಕೇಳುತ್ತದೆ, ಕೂಲಿಯ ಲೆಕ್ಕ ಕೇಳುವುದಿಲ್ಲ.

ಪಟದೊಳಗಿನವರು ಬಾಯಿ ಬಿಟ್ಟರೆ ಏನಾಗುತ್ತದೆ? ಅಮೆರಿಕದಲ್ಲಿ ಒಮ್ಮೆ ಬಿಟ್ಟರು. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊತಿಯಾ ಲ್ಯಾಂಜ್ ಒಬ್ಬ ತಾಯಿಯ ಚಿತ್ರ ತೆಗೆದರು. ಕೆನ್ನೆಗೆ ಕೈಕೊಟ್ಟ ತಾಯಿ, ಮುಖ ಮರೆಸಿಕೊಂಡು ಒರಗಿದ ಎರಡು ಮಕ್ಕಳು. ಜಗತ್ತೆಲ್ಲ ಅದನ್ನು 'ವಲಸೆ ತಾಯಿ' ಎಂದು ಕರೆಯಿತು. ಸರ್ಕಾರ ಆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿ ಆಗಿತ್ತು. ಹೆಸರು ಕೇಳಲಿಲ್ಲ ಎಂದು ಲ್ಯಾಂಜ್ ಅವರೇ ಬರೆದುಕೊಂಡಿದ್ದಾರೆ. ಹೆಸರು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಬಿಳಿಯ ಬಡತನದ ಸಂಕೇತವೆಂದು ಲೋಕ ಪೂಜಿಸಿದ ಆಕೆ ಚೆರೋಕಿ ಬುಡಕಟ್ಟಿನವಳು. ಆ ಪಟ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂದಳು. ಬಂಡಿಯ ಟೈರು ಮಾರಿಕೊಂಡಿದ್ದರು ಎಂದು ಲ್ಯಾಂಜ್ ಬರೆದ ಕತೆಯನ್ನೂ ಮನೆಯವರು ಅಲ್ಲಗಳೆದರು. ಲ್ಯಾಂಜ್ ಕೆಟ್ಟವರಲ್ಲ, ಬಡವರ ಪಕ್ಷದವರೇ. ಆದರೂ ಹೆಸರು ಕೇಳಲಿಲ್ಲ. ಒಳ್ಳೆಯವರೂ ಹೆಸರು ಕೇಳುವುದನ್ನು ಮರೆಯುತ್ತಾರೆ ಎಂಬುದೇ ನಾವು ಯೋಚಿಸಬೇಕಾದ ವಿಷಯ.

ಕನ್ನಡ ಸಾಹಿತ್ಯ ನಮ್ಮ ಪಟ ತೆಗೆದದ್ದೂ ಹೆಚ್ಚುಕಮ್ಮಿ ಹೀಗೇ. 1933ರ 'ಚೋಮನ ದುಡಿ'ಯಲ್ಲಿ ಕಾರಂತರು ಚೋಮನಿಗೆ ಹೆಸರು ಕೊಟ್ಟರು, ಬೇಸಾಯ ಮಾಡುವ ಆಸೆ ಕೊಟ್ಟರು. ಅದು ಸಣ್ಣದಲ್ಲ. ಕೊನೆಗೆ ಮಾತ್ರ ಚೋಮನಿಗೆ ದುಡಿ ಉಳಿಯಿತು, ಸಾವು ಉಳಿಯಿತು. ನಮ್ಮ ವಿಮರ್ಶಕರು ಆ ಸಾವಿನ ಸೌಂದರ್ಯವನ್ನು ಕೊಂಡಾಡಿದಷ್ಟು ಭೂಮಿಯ ಪ್ರಶ್ನೆಯನ್ನು ಎತ್ತಲಿಲ್ಲ. ದೇವನೂರ ಮಹಾದೇವರ 'ಒಡಲಾಳ'ದಲ್ಲೂ ಹಸಿವಿದೆ. ಆದರೆ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಸುತ್ತ ಕೂತು ತಿಂದು ಮುಗಿಸುತ್ತಾರೆ. ಪೊಲೀಸರು ಬಂದಾಗ ಸಾಕ್ಷಿ ಹೊಟ್ಟೆಯೊಳಗಿರುತ್ತದೆ! ಹೂಪರನ ಪಟದಲ್ಲಿ ಯಾರೂ ಉಣ್ಣುವುದಿಲ್ಲ, ನಗುವುದಿಲ್ಲ, ಜಗಳವಾಡುವುದಿಲ್ಲ. ಇಲ್ಲಿ ಎಲ್ಲವೂ ಇದೆ. ಹಸಿವನ್ನು ಹೊರಗಿಂದ ಕಂಡದ್ದಕ್ಕೂ ಒಳಗಿಂದ ಉಂಡದ್ದಕ್ಕೂ ಇರುವ ವ್ಯತ್ಯಾಸ ಇದು. ಅಲುಗಾಡಬೇಡ ಎಂದವರ ಮುಂದೆ ಈ ಮನೆ ಅಲುಗಾಡಿತು.

ನಮ್ಮ ಕೇರಿಗಳ ಗೋಡೆಯ ಮೇಲೆ ಬರಗಾಲದ ಪಟ ಯಾರೂ ತೂಗುಹಾಕಿಲ್ಲ. ಅಲ್ಲಿರುವುದು ಸೂಟು ತೊಟ್ಟ ಬಾಬಾಸಾಹೇಬರು. ಅವರಿಗೆ ಯಾಕೆ ಈ ವಿಲಾಯಿತಿ ವೇಷ ಎಂದು ಮೂಗು ಮುರಿದವರುಂಟು. ಅರೆಬೆತ್ತಲೆ ಮೈಯನ್ನೇ ನಮ್ಮ ಗುರುತೆಂದು ಶತಮಾನಗಟ್ಟಲೆ ನೋಡಿದ ಕಣ್ಣುಗಳಿಗೆ ಆ ಗುಂಡಿ ಹಾಕಿದ ಕೋಟು ಒಂದು ಜವಾಬು ಎಂಬುದು ಅವರಿಗೆ ಹೊಳೆಯಲಿಲ್ಲ. ಹೇಗೆ ಕಾಣಬೇಕೆಂದು ತಾನೇ ನಿರ್ಧರಿಸಿದ ಮನುಷ್ಯನ ಪಟ ಅದು.

ಮ್ಯಾನ್‌ಹೋಲಿನಿಂದ ಕತ್ತಿನವರೆಗೆ ಮೇಲೆದ್ದ ಮನುಷ್ಯನ ಫೋಟೋ ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಮಲ ಹೊರಿಸಬಾರದೆಂದು 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಫೋಟೋಕ್ಕೆ ಬಹುಮಾನವೂ ಬರಬಹುದು. ಕೆಳಗೆ ಫೋಟೋಗ್ರಾಫರನ ಹೆಸರು ಇರುತ್ತದೆ. ಇಳಿದವನದು, ಇಳಿಸಿದ ಕಂಟ್ರಾಕ್ಟರನದು ಇರುವುದೇ ಅಪರೂಪ.

ಹಿಟ್ಟಿಕ್ಕಲಿಲ್ಲವಂತೆ ಅಜ್ಜಿ, ಎಂದು ನಾನು ಆಮೇಲೆ ಹೇಳಿದೆ. 'ಹಂಗಾರೆ ಆ ಪಟ ಯಾಕೆ ಮಡೀಕಂಡವ್ರೆ?' ಎಂದಳು. ಹರಿದುಹಾಕಬೇಕೆ? ಬೇಡ. ಅವರ ಆಲ್ಬಮ್ಮಿನಿಂದ ಬಿಡಿಸಿ ನಮ್ಮ ದೂರಿನ ಕಡತಕ್ಕೆ ಸೇರಿಸಬೇಕು. ಕೂಲಿಯ ಲೆಕ್ಕ, ಹಡಗಿನ ಲೆಕ್ಕ ಪಕ್ಕದಲ್ಲೇ ಇರಬೇಕು. ಆಗ ಅದು ಬರಿಯ ಕಲೆಯಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ.