ಉತ್ತರ ಬಂದರೆ ಲೆಕ್ಕ ಮುಗಿಯಿತೇ?

ಪ್ರೌಢಶಾಲೆಯ ಗಣಿತ, ಭೌತವಿಜ್ಞಾನಗಳ ಲೆಕ್ಕಗಳಿಗೆಂದು ಮಾರಾಟವಾಗುವ ಯಾವುದೇ ಮಾರ್ಗದರ್ಶಿಯನ್ನು ತೆರೆದು ನೋಡಿ. ದತ್ತಾಂಶ, ಸೂತ್ರ, ಆದೇಶ, ಉತ್ತರ - ಎಲ್ಲ ಲೆಕ್ಕಗಳಿಗೂ ಇದೇ ನಾಲ್ಕು ಹಂತ. ಈ ಕ್ರಮ ಅಚ್ಚುಕಟ್ಟಾದುದು, ಹಂತವಾರು ಅಂಕ ನೀಡಲು ಅನುಕೂಲವಾದುದು ಎಂಬುದನ್ನು ಒಪ್ಪೋಣ. ಆದರೆ ಬಂದ ಉತ್ತರವನ್ನು ಪ್ರಶ್ನಿಸುವ ಐದನೆಯ ಹಂತ ಇದರಲ್ಲಿಲ್ಲ. ಈ ಕೊರತೆ ಎಷ್ಟು ದೊಡ್ಡದೆಂದು ಮೂರು ಲೆಕ್ಕಗಳ ಮೂಲಕ ನೋಡೋಣ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ 40 ಕಿ.ಮೀ. ಎಂದಿಟ್ಟುಕೊಳ್ಳಿ. ಬಸ್ಸು ಹೋಗುವಾಗ ಗಂಟೆಗೆ 60 ಕಿ.ಮೀ., ಬರುವಾಗ 40 ಕಿ.ಮೀ. ಜವದಲ್ಲಿ ಚಲಿಸಿತು. ಸರಾಸರಿ ಜವ ಎಷ್ಟು? ಥಟ್ಟನೆ ಬರುವ ಉತ್ತರ 50. ಇದು ತಪ್ಪು. ಹೋಗಲು 40 ನಿಮಿಷ, ಬರಲು 60 ನಿಮಿಷ. 100 ನಿಮಿಷಕ್ಕೆ 80 ಕಿ.ಮೀ. ಎಂದರೆ ಗಂಟೆಗೆ 48 ಕಿ.ಮೀ. ಜವ-ಕಾಲ ನಕ್ಷೆ ಎಳೆದರೆ ಕಾರಣ ತಿಳಿಯುತ್ತದೆ. ಎರಡು ಆಯತಗಳ ವಿಸ್ತೀರ್ಣ, ಅಂದರೆ ಕ್ರಮಿಸಿದ ದೂರ, ಒಂದೇ. ಆದ್ದರಿಂದ ಎತ್ತರ ಕಡಿಮೆಯಿರುವ ಆಯತದ ಅಗಲ ಹೆಚ್ಚಾಗಲೇಬೇಕು. ಬಸ್ಸು ನಿಧಾನವಾಗಿ ಚಲಿಸಿದ ಕಾಲವೇ ಹೆಚ್ಚು; ಸರಾಸರಿ 50ಕ್ಕಿಂತ ಕಡಿಮೆಯಾಗಲೇಬೇಕು. ಇಲ್ಲಿ ರೇಖಾಗಣಿತವೇ ಭೌತವಿಜ್ಞಾನವನ್ನು ವಿವರಿಸಿತು.

ಇನ್ನು ಬೀಜಗಣಿತ. 15 ಮೀಟರ್ ಎತ್ತರದಿಂದ ಕಲ್ಲೊಂದನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದೆ. ಗುರುತ್ವ ವೇಗೋತ್ಕರ್ಷ 10 ಎಂದೂ ಕಾಲವನ್ನು 'ಕಾ' ಎಂದೂ ಇಟ್ಟುಕೊಂಡರೆ, ಅದು ನೆಲ ಮುಟ್ಟುವ ಸಮೀಕರಣ 15 + 10ಕಾ - 5ಕಾ² = 0. ಮೂಲಗಳು 3 ಮತ್ತು -1. "ಕಾಲ ಋಣವಾಗದು, ಆದ್ದರಿಂದ -1 ಬಿಟ್ಟಿದೆ" ಎಂದು ಮಾರ್ಗದರ್ಶಿ ಮುಂದೆ ಹೋಗುತ್ತದೆ. ಬಿಡುವುದು ಸರಿ; ಏಕೆಂದು ಕೇಳದಿರುವುದು ಸರಿಯಲ್ಲ. ಅದೇ ಕಲ್ಲನ್ನು ಒಂದು ಸೆಕೆಂಡು ಮೊದಲು, ನೆಲದಿಂದ, 20 ಮೀಟರ್ ವೇಗದಲ್ಲಿ ಎಸೆದಿದ್ದರೂ ಚಲನೆ ಹೀಗೆಯೇ ಇರುತ್ತಿತ್ತು. ಆ -1 ಹೇಳುತ್ತಿರುವುದು ಇದನ್ನೇ.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯ ತನ್ನ 'ಬೀಜಗಣಿತ'ದ ಕಪಿಗಳ ಲೆಕ್ಕದಲ್ಲಿ ಈ ಎಚ್ಚರ ತೋರಿದ್ದ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು, ವರ್ಗ ಮಾಡಿದಷ್ಟು ಕಪಿಗಳು ಗುಹೆ ಸೇರಿದವು, ಉಳಿದದ್ದು ಒಂದು. ಮೂಲಗಳು 50 ಮತ್ತು 5. ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಆದರೆ 5ರ ಐದನೆಯ ಒಂದು ಭಾಗವಾದ 1ರಲ್ಲಿ 3 ಕಳೆದರೆ ಋಣ ಕಪಿಗಳು! ಹಾಗಾಗಿ 5 ಸಲ್ಲದೆಂದ. ಕಾರಣ ಕೊಟ್ಟು ಬಿಟ್ಟದ್ದನ್ನು ಗಮನಿಸಿ.

ಮೂರನೆಯ ಲೆಕ್ಕ ಶ್ರವಣಬೆಳಗೊಳದ್ದು. ಗೊಮ್ಮಟನ ಎತ್ತರ ಸುಮಾರು 58 ಅಡಿ, ಎಂದರೆ 17.7 ಮೀಟರ್. ಮಹಾಮಸ್ತಕಾಭಿಷೇಕದ ಅಟ್ಟಣಿಗೆಯಲ್ಲಿ ಅಷ್ಟೆತ್ತರದಿಂದ ಒಂದು ಹನಿ ನೀರು ಜಾರಿ ಬಿದ್ದರೆ? ಸೂತ್ರದ ಪ್ರಕಾರ 1.9 ಸೆಕೆಂಡಿನಲ್ಲಿ, ಸೆಕೆಂಡಿಗೆ 18.6 ಮೀಟರ್ ವೇಗದಲ್ಲಿ ನೆಲ ಮುಟ್ಟಬೇಕು. ವಾಸ್ತವದಲ್ಲಿ ದೊಡ್ಡ ಹನಿಯೂ ನಿಶ್ಚಲ ಗಾಳಿಯಲ್ಲಿ ಸುಮಾರು 9 ಮೀಟರ್ ವೇಗವನ್ನು ಮೀರದು. ಗಾಳಿಯ ತಡೆ ಹನಿಯ ತೂಕಕ್ಕೆ ಸಮನಾದ ಮೇಲೆ ವೇಗ ಹೆಚ್ಚುವುದಿಲ್ಲ. ಸೂತ್ರ ತಪ್ಪಲ್ಲ, ಗಾಳಿಯ ತಡೆ ಇಲ್ಲವೆಂಬ ಅದರ ಷರತ್ತನ್ನು ಮರೆತದ್ದು ತಪ್ಪು.

ಪದವಿ ತರಗತಿಗಳಲ್ಲಿ ಇದರ ಫಲವನ್ನು ನಾನು ವರ್ಷ ವರ್ಷವೂ ಕಾಣುತ್ತಿದ್ದೇನೆ. ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ಬರೆಯುವ ವಿದ್ಯಾರ್ಥಿಗೆ ದಶಮಾಂಶ ಬಿಂದು ಎರಡು ಸ್ಥಾನ ಜರುಗಿದ್ದರೂ ಅನುಮಾನ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಅನುಮಾನವೇ ಮೊದಲ ಉಪಕರಣ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ದಿನಕ್ಕೆ ಹತ್ತು ಲೆಕ್ಕಗಳ ಬದಲು ನಾಲ್ಕನ್ನೇ ಮಾಡಿಸಿ. ಪ್ರತಿ ಉತ್ತರದ ಕೆಳಗೆ ಮೂರು ಸಾಲು ಬರೆಸಿ: ಏಕಮಾನ ಸರಿಯಿದೆಯೇ? ಪರಿಮಾಣ ನಂಬುವಂತಿದೆಯೇ? ಏನನ್ನು ಒಪ್ಪಿಕೊಂಡು ಹೊರಟೆವು? ವಿದ್ಯಾರ್ಥಿಗಳೇ, ಶಿಕ್ಷಕರು ಕೇಳದಿದ್ದರೂ ನೀವು ಬರೆಯಿರಿ.